ಕಾರಿನ ಕಾಯಿಲೆಗೆ ಚೌಕಾಸಿ

ನಮ್ಮ ಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಹಳೆಯ ಏರ್ ಫಿಲ್ಟರ್ ಕೂತಿದೆ. ನೋಡಿದವರು ಹಾರ್ಮೋನಿಯಂ ತಿದಿಯ ತುಂಡು ಎಂದುಕೊಳ್ಳುತ್ತಾರೆ. ಮಡಿಕೆ ಮಡಿಕೆಯಾದ ಕಾಗದ, ಮಡಿಕೆಗಳ ತುಂಬ ಕೋಲಾರದ ಧೂಳು, ಯಾವುದೋ ಹುಳುವಿನ ರೆಕ್ಕೆ, ಶ್ರೀನಿವಾಸಪುರದ ಕಡೆ ಹೋದಾಗ ಒಳಗೆ ಸೇರಿಕೊಂಡ ಮಾವಿನ ಹೂವಿನ ಪುಡಿ. ಹೋದ ವರ್ಷ ಸರ್ವಿಸ್ ಸೆಂಟರಿನವರು ಹೊಸದನ್ನು ಹಾಕಿ, ಹಳೆಯದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಪರೇಷನ್ ಮುಗಿಸಿದ ಡಾಕ್ಟರು ಪಿತ್ತಕೋಶದ ಕಲ್ಲನ್ನು ತೋರಿಸುವ ಹಾಗೆ ತೋರಿಸಿ ನನ್ನ ಕೈಗೇ ಕೊಟ್ಟರು. ಬಿಸಾಡೋಣ ಎಂದು ಮನೆಗೆ ತಂದವನಿಗೆ ಬಿಸಾಡಲಾಗಲಿಲ್ಲ. ಅದು ನಮ್ಮ ಕಾರಿನದೇ ಹೌದೋ, ಅಥವಾ ಬಂದವರಿಗೆಲ್ಲ ತೋರಿಸಲು ಅವರು ಚೆನ್ನಾಗಿ ಕೊಳೆ ಮಾಡಿ ಇಟ್ಟುಕೊಂಡಿದ್ದ ಫಿಲ್ಟರೋ ಎಂಬ ಅನುಮಾನ ನನಗೆ ಇನ್ನೂ ತೀರಿಲ್ಲ. ಅನುಮಾನ ತೀರುವವರೆಗೂ ಸಾಕ್ಷಿಯನ್ನು ಬಿಸಾಡಬಾರದಲ್ಲ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಗ್ರಾಹಕನು ವಿವೇಕಿ, ತನಗೆ ಯಾವುದು ಬೇಕು ಯಾವುದು ಬೇಡ ಎಂಬುದನ್ನು ಅವನು ಬಲ್ಲ ಎಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಗಟ್ಟಿಯಾಗಿ ಹೇಳಿ ಪಾಠ ಆರಂಭಿಸುತ್ತೇನೆ. ಆದರೆ ಸರ್ವಿಸ್ ಸೆಂಟರಿನಿಂದ ಫೋನು ಬಂದರೆ ನನ್ನ ವಿವೇಕ ಎದ್ದು ಹಿತ್ತಲಿಗೆ ಹೋಗಿಬಿಡುತ್ತದೆ.

ಈ ವರ್ಷ ಫೋನು ಬಂದದ್ದು ಒಂದು ಶುಕ್ರವಾರ ಸಂಜೆ. ಮಾಡಿದವನು ಕಿರಣ್, ಅಲ್ಲಿನ ಸರ್ವಿಸ್ ಅಡ್ವೈಸರ್. ಮಾಲೂರಿನ ಹುಡುಗ, ಬಹಳ ವಿನಯ. ಅವನ ವಿನಯಕ್ಕೇ ನನಗೆ ಅರ್ಧ ಭಯ.

"ಸಾರ್, ಗಾಡಿ ನೋಡಿದ್ವಿ. ರೆಕಮೆಂಡೆಡ್ ಅಂತ ಎಂಟು ಕೆಲಸ ಬಂದಿದೆ ಸಾರ್. ಹೇಳ್ಲಾ?"

ಹೇಳಿದ. ಬ್ರೇಕ್ ಪ್ಯಾಡ್, ವೀಲ್ ಅಲೈನ್‌ಮೆಂಟ್, ಇಂಜೆಕ್ಟರ್ ಕ್ಲೀನಿಂಗ್, ಇಂಜಿನ್ ಫ್ಲಶ್, ಎಸಿಗೆ ಸ್ಪ್ರೇ, ಹೊಟ್ಟೆಯ ಕೆಳಗೆ ಕೋಟಿಂಗ್, ಮೈಗೆ ಪಾಲಿಶ್. ಎಂಟನೆಯದು ಇಲಿ ಬರದ ಹಾಗೆ ಇಂಜಿನ್ನಿಗೆ ಒಂದು ಸ್ಪ್ರೇ.

"ಮಾಡಿಸದಿದ್ರೆ ಏನಾಗುತ್ತಪ್ಪ?" ಎಂದೆ.

"ಏನೂ ಆಗಲ್ಲ ಸಾರ್." ಆಮೇಲೆ ದನಿ ತಗ್ಗಿಸಿ, "ಆದ್ರೆ ಏನಾದ್ರೂ ಆದ್ರೆ ಕಷ್ಟ ಸಾರ್" ಎಂದ.

ಬೆಳಿಗ್ಗೆ ಹೇಳುತ್ತೇನೆ ಎಂದು ಫೋನು ಇಟ್ಟೆ.

ಬರೀ ನನ್ನ ಕಾರಿನ ವಿಷಯವಾಗಿದ್ದರೆ ಇಷ್ಟು ತಲೆ ಕೆಡುತ್ತಿರಲಿಲ್ಲ. ನಾನು ಕಾರನ್ನು ಓಡಿಸುವುದೇ ಎತ್ತಿನಗಾಡಿಯವರು ಸೈಡು ಕೇಳುವಷ್ಟು ನಿಧಾನವಾಗಿ. ಆದರೆ ನನ್ನ ಹೆಂಡತಿ ಸುಜಾತಳಿಗೆ ಕೋಲಾರದ ಶಾಲೆಯಿಂದ ತಾಯಲೂರಿನ ಹೈಸ್ಕೂಲಿಗೆ ವರ್ಗವಾಗಿತ್ತು. ಬಸ್ಸು ನಂಬಿದರೆ ಮೊದಲ ಪೀರಿಯಡ್ಡು ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲೇ ಮುಗಿಯುತ್ತದೆ. ಬೇಸಿಗೆಯಲ್ಲಿ ಅವಳು ಡ್ರೈವಿಂಗ್ ಕಲಿತಳು, ಲೈಸೆನ್ಸೂ ಬಂತು. ಸೋಮವಾರದಿಂದ ಒಬ್ಬಳೇ ಕಾರಿನಲ್ಲಿ ಹೋಗುತ್ತೇನೆ ಎಂದು ತೀರ್ಮಾನಿಸಿದ್ದಳು. ಮುಳಬಾಗಿಲಿನವರೆಗೆ ಹೆದ್ದಾರಿ. ಆ ಹೆದ್ದಾರಿಯಲ್ಲಿ ಚಿತ್ತೂರಿನ ಕಡೆಯ ಲಾರಿಗಳು ಹೇಗೆ ಬರುತ್ತವೆ ಎಂದು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದರೆ, ಕಣ್ಣು ಮುಚ್ಚಿಕೊಳ್ಳುವುದಕ್ಕೆ ಮೊದಲು ನೋಡಿದ್ದೇನೆ.

"ಬೇಕಾದ್ದು ಮಾಡ್ಸಿ, ಬೇಡದ್ದು ಬಿಡ್ಸಿ. ಅಷ್ಟೇ ತಾನೇ?" ಎಂದಳು ಸುಜಾತ.

"ಬೇಕಾದ್ದು ಯಾವ್ದು ಅಂತ ಯಾರು ಹೇಳ್ಬೇಕು?"

"ಅದನ್ನ ಹೇಳೋಕಾಗದಿದ್ರೆ ಇಷ್ಟು ವರ್ಷದಿಂದ ಸ್ಟೀರಿಂಗ್ ಹಿಡ್ಕೊಂಡು ಏನ್ ಮಾಡ್ತಿದ್ರಿ?"

ಹಿಡಿದುಕೊಂಡಿದ್ದೆ, ಅಷ್ಟೇ.

ಈ ಬೇಕು ಬೇಡಗಳ ವಿಷಯ ಬಂದಾಗಲೆಲ್ಲ ನನಗೆ ತಾಯಲೂರಿನ ನಮ್ಮ ಅಜ್ಜಿ ನೆನಪಾಗುತ್ತಾಳೆ. ಮಕ್ಕಳು ಯಾರಾದರೂ ಮಂಕಾಗಿ ಕೂತರೆ ಸಾಕು, ಉಪ್ಪು, ಮೆಣಸಿನಕಾಯಿ, ಸಾಸಿವೆ, ಒಂದೆರಡು ಪೊರಕೆಕಡ್ಡಿ ಹಿಡಿದು ಬರುತ್ತಿದ್ದಳು. ಮುಖದ ಸುತ್ತ ಇಳಿ ತೆಗೆದು ಒಲೆಗೆ ಹಾಕುತ್ತಿದ್ದಳು. ಚಟಪಟ ಎಂದು ಸಿಡಿದು ಘಾಟು ಎದ್ದರೆ, "ನೋಡಿದ್ರಾ, ಎಷ್ಟು ದೃಷ್ಟಿ ಆಗಿತ್ತು ಮಗೀಗೆ" ಎನ್ನುತ್ತಿದ್ದಳು. ಘಾಟು ಏಳದಿದ್ದರೆ ಗಲ್ಲದ ಮೇಲೆ ಬೆರಳಿಟ್ಟುಕೊಂಡು, "ಅಷ್ಟು ಮೆಣಸಿನಕಾಯಿ ಹಾಕಿದ್ರೂ ಘಾಟೇ ಇಲ್ಲ. ಅಷ್ಟು ದೃಷ್ಟಿ" ಎನ್ನುತ್ತಿದ್ದಳು. ಅಂತೂ ಇಳಿ ತೆಗೆಯಬೇಕಾಗಿರಲಿಲ್ಲ ಎಂಬ ತೀರ್ಪು ಆ ಒಲೆಯಿಂದ ಒಮ್ಮೆಯೂ ಬರಲಿಲ್ಲ. ಇಂಥವಳಿಗೆ ಒಂದು ನೀಲಿ ಅಂಗಿ ತೊಡಿಸಿ ಸರ್ವಿಸ್ ಸೆಂಟರಿನಲ್ಲಿ ಕೂರಿಸಿದ್ದರೆ ತಾಲ್ಲೂಕಿನ ಒಂದು ಕಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ನನಗೆ ಜ್ವರ ಬಂದಾಗ ಅವಳು ಇಳಿ ತೆಗೆದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಡುಮನೆಯ ಚಾಪೆ, ಕೆಂಪು ಕಂಬಳಿ, ಕಂಬಳಿಯಿಂದ ಹೊರಗೆ ಕಾಣುವ ನನ್ನ ಸಣ್ಣ ಮುಖ. ಇಲ್ಲೊಂದು ತೊಡಕಿದೆ. ನನ್ನ ಮುಖ ನನಗೆ ಹೇಗೆ ಕಂಡಿತು? ಈ ನೆನಪಿನಲ್ಲಿ ನಾನು ಅಟ್ಟದ ಮೇಲಿನಿಂದ ಇಣುಕಿ ನನ್ನನ್ನೇ ನೋಡುತ್ತಿದ್ದೇನೆ. ಜ್ವರ ಬಂದ ಹುಡುಗ ಅಟ್ಟ ಹತ್ತುವುದಿಲ್ಲ. ಅನುಮಾನ ಬಂದು ಅಕ್ಕನಿಗೆ ಫೋನು ಮಾಡಿ ಕೇಳಿದೆ.

"ನಿಂಗಲ್ಲ ಕಣೋ, ಕರೂಗೆ" ಎಂದಳು ಅಕ್ಕ. "ಕರು ಹಾಲು ಕುಡೀತಿರ್ಲಿಲ್ಲ ಅಂತ ಇಳಿ ತೆಗೆದಿದ್ದು. ನೀನು ಪಕ್ಕದಲ್ಲಿ ನಿಂತು ಮೂಗು ಒರೆಸ್ಕೊಳ್ತಿದ್ದೆ."

ಹೀಗೆ ನನ್ನ ಬಾಲ್ಯದ ಒಂದು ಒಳ್ಳೆಯ ಜ್ವರ ಕರುವಿನ ಪಾಲಾಯಿತು. ಆದರೆ ಅಕ್ಕನ ನೆನಪನ್ನೂ ನಾನು ನಂಬುವುದಿಲ್ಲ. ನಮ್ಮ ಮನೆಯಲ್ಲಿ ಆಗ ಇದ್ದದ್ದು ಎಮ್ಮೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಈ ನೆನಪನ್ನೂ ಕಿರಣ್ ಕಾರನ್ನು ನೋಡುವ ಹಾಗೆ ನೋಡಬೇಕು. ಸದ್ಯಕ್ಕೆ ಓಡುತ್ತದೆ, ಬದಲಿಸಿದರೆ ಒಳ್ಳೆಯದು. ಓದುವ ನಿಮಗೆ ಕರು ಬೇಕಾದರೆ ಕರು, ನಾನು ಬೇಕಾದರೆ ನಾನು. ಅಜ್ಜಿಯ ಒಲೆಯನ್ನು ಮಾತ್ರ ನಂಬಬಹುದು, ಅದರ ವಿಷಯದಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ.

ಕೊನೆಗೆ ಆ ಶುಕ್ರವಾರ ರಾತ್ರಿ ಊಟ ಬಡಿಸುವ ಮೊದಲೇ ನಾನು ಶ್ರೀನಿವಾಸಪುರದ ಮುನಿಶಾಮಪ್ಪ ಮಾವನಿಗೆ ಫೋನು ಮಾಡಿದೆ. ಅಮ್ಮನ ತಮ್ಮ. ವಯಸ್ಸಿನಲ್ಲಿದ್ದಾಗ ದನದ ವ್ಯಾಪಾರಕ್ಕೆ ನಡುವೆ ನಿಂತು ಬೆಲೆ ಕುದುರಿಸುತ್ತಿದ್ದವರು. ಆಮೇಲೆ ಮಾವಿನ ತೋಟಗಳನ್ನು ಹೂವಿನಲ್ಲೇ ನೋಡಿ, ಇದರಲ್ಲಿ ಇಷ್ಟು ಕಾಯಿ ನಿಲ್ಲುತ್ತದೆ ಎಂದು ಅಂದಾಜು ಹೇಳುವ ಕೆಲಸ ಹಿಡಿದರು. ಕಾರು ಅವರಿಗೆ ಗೊತ್ತಿಲ್ಲ. ಆದರೆ ಎದುರಿನವನು ಹೇಳಿದ್ದರಲ್ಲಿ ಎಷ್ಟು ನಿಜ ಎಂಬುದನ್ನು ಅಳೆಯುವುದರಲ್ಲಿ ಜೀವನ ಸವೆಸಿದ ಮನುಷ್ಯ ನಮ್ಮ ಕಡೆ ಅವರೊಬ್ಬರೇ.

"ಎಂಟು ಹೇಳಿದ್ನಾ?" ಎಂದರು ಮಾವ. "ಅದು ಹೂವು ಕಣೋ ಅಳಿಯ. ಮರದ ತುಂಬ ಹೂವು ಬಿಟ್ಟೈತೆ ಅಂತ ಪೂರ್ತಿ ಹಣ್ಣಾಗುತ್ತಾ? ಅರ್ಧ ಗಾಳಿಗೆ ಹೋಗುತ್ತೆ. ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ನೀನು ಬಾಯಿ ಬಿಡಬೇಡ."

ಬಾಯಿ ಬಿಡದೆ ಇರುವುದು ನನ್ನಿಂದ ಆಗುವ ಕೆಲಸ.

ಶನಿವಾರ ಬೆಳಿಗ್ಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಚೌಕುಳಿ ಟವಲು. ಇಬ್ಬರೂ ಆಟೋ ಹಿಡಿದು ಸರ್ವಿಸ್ ಸೆಂಟರಿಗೆ ಹೋದೆವು. ನಮ್ಮ ಕಾರನ್ನು ಕಬ್ಬಿಣದ ಕಂಬಗಳ ನಡುವೆ ಎತ್ತಿ ನಿಲ್ಲಿಸಿದ್ದರು. ಮಾವ ಒಳಗೆ ಹೋದವರೇ ಯಾರನ್ನೂ ಮಾತಾಡಿಸದೆ ಕಾರಿನ ಸುತ್ತ ಒಂದು ಬಾರಿ ನಡೆದರು. ಕೆಳಗೆ ಇಳಿಸಲು ಹೇಳಿದರು. ಬಾನೆಟ್ಟಿನ ಮೇಲೆ ಅಂಗೈಯಿಂದ ತಟ್ಟಿ ಕಿವಿಗೊಟ್ಟರು. ಮುಂದಿನ ಗ್ರಿಲ್ಲಿನ ಹತ್ತಿರ ಬಗ್ಗಿ ಬೆರಳಾಡಿಸಿದರು. ಅದು ಹಲ್ಲು ನೋಡಿದ್ದು ಎಂದು ನನಗೆ ಗೊತ್ತಾಯಿತು, ಪಕ್ಕದಲ್ಲಿದ್ದ ಮೆಕ್ಯಾನಿಕ್ಕುಗಳಿಗೆ ಗೊತ್ತಾಗಲಿಲ್ಲ. ಹಿಂದೆ ಹೋಗಿ ಸೈಲೆನ್ಸರ್ ಪೈಪನ್ನು ಮೆತ್ತಗೆ ತಿರುಚಿ ನೋಡಿದರು. ಅದು ಬಾಲ. ಕಾರು ಒದೆಯಲಿಲ್ಲ.

ಇಲ್ಲಿ ಸ್ವಲ್ಪ ಟವಲಿನ ವಿಷಯ ಹೇಳಬೇಕು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ನಿಂತವರಿಗೆ ಗೊತ್ತಾಗಬಾರದಲ್ಲ. ಇಬ್ಬರ ಕೈಮೇಲೆ ಟವಲು ಹೊದಿಸಿಕೊಂಡು, ಒಳಗೇ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಲೆಕ್ಕ ಹೇಳುತ್ತಾರೆ. ಇಷ್ಟು ಬೆರಳು ಹಿಡಿದರೆ ಇಷ್ಟು. ಮೇಲೆ ನೋಡಿದರೆ ಇಬ್ಬರೂ ಮಳೆಯ ವಿಷಯ ಮಾತಾಡುತ್ತಿರುತ್ತಾರೆ. ಟವಲಿನ ಒಳಗೆ ಒಪ್ಪಿದ ಮಾತನ್ನು ಆಮೇಲೆ ಯಾರೂ ತಿರುಗಿಸುವುದಿಲ್ಲ. ಮಾವ ಇಡೀ ಆಯುಷ್ಯ ಒಂದು ಮಾತನ್ನೂ ತಿರುಗಿಸಿಲ್ಲ ಎಂದು ಹೆಸರು. ಹೆಸರಿಟ್ಟವರು ಮಾವನೇ.

ಕಿರಣ್ ಟ್ಯಾಬ್ಲೆಟ್ ಹಿಡಿದು ಬಂದ. "ಗುಡ್ ಮಾರ್ನಿಂಗ್ ಸಾರ್."

"ಏಮ್ ನಾಯ್ನಾ, ಯಾವೂರು?" ಎಂದರು ಮಾವ, ತಮ್ಮ ಕಡೆಯ ತೆಲುಗು ಬೆರೆಸಿ.

"ಮಾಲೂರು ಸಾರ್."

"ಮಾಲೂರಾ. ಮಳೆ ಆಯ್ತಾ ಆ ಕಡೆ?" ಎನ್ನುತ್ತಲೇ ಹೆಗಲ ಟವಲು ತೆಗೆದು ಅವನ ಕೈಮೇಲೆ ಹೊದಿಸಿ ಒಳಗೆ ಕೈ ಹಾಕಿಬಿಟ್ಟರು.

ಕಿರಣ್ ನನ್ನ ಮುಖ ನೋಡಿದ. ನಾನು ಬಾಯಿ ಬಿಡುವಂತಿರಲಿಲ್ಲ. ಅವನಿಗೆ ಏನನ್ನಿಸಿತೋ, ವಯಸ್ಸಾದವರು ಆಸರೆಗೆ ಹಿಡಿದುಕೊಂಡಿದ್ದಾರೆ ಅನ್ನಿಸಿರಬೇಕು, ಕೈ ಬಿಡಿಸಿಕೊಳ್ಳದೆ ಮಳೆಯ ಬಗ್ಗೆ ಉತ್ತರ ಹೇಳತೊಡಗಿದ. ಟವಲು ಅಲುಗಾಡಿತು. ಮಾವ ಒಮ್ಮೆ ಹುಬ್ಬು ಏರಿಸಿದರು, ಒಮ್ಮೆ ತಲೆ ಅಡ್ಡ ಆಡಿಸಿದರು. ಕಿರಣ್ ಗಾಬರಿಗೆ ತಲೆಯನ್ನು ಉದ್ದಕ್ಕೆ ಆಡಿಸಿದ.

"ಸರ್ಲೇ, ಆಯ್ತು" ಎಂದು ಮಾವ ಟವಲು ಎಳೆದುಕೊಂಡರು. ನನ್ನ ಕಡೆ ತಿರುಗಿ, "ನಾಲ್ಕು" ಎಂದರು.

ನನಗೆ ಹೆಮ್ಮೆಯಾಯಿತು. ಎಂಟು ಕಾಯಿಲೆಯ ಕಾರು ನಾಲ್ಕು ಕಾಯಿಲೆಗೆ ಇಳಿದಿತ್ತು, ಒಂದು ಸ್ಪ್ಯಾನರ್ ಕೂಡ ಮುಟ್ಟಿಸದೆ. "ನಾಲ್ಕೇ ಮಾಡಪ್ಪ" ಎಂದು ಕಿರಣನಿಗೆ ನಾನೇ ಬೆರಳಿನ ಭಾಷೆಯಿಂದ ಕನ್ನಡಕ್ಕೆ ಬಿಡಿಸಿ ಹೇಳಿದೆ. ಅವನು ಟ್ಯಾಬ್ಲೆಟ್ಟಿನಲ್ಲಿ ಏನೋ ಒತ್ತಿದ. ಕೂರುವ ಕೋಣೆಯಲ್ಲಿ ಇಬ್ಬರೂ ಕೂತು ಅವರು ಕೊಟ್ಟ ಕಾಫಿ ಕುಡಿದೆವು. ಮಾವ ಕಾಫಿಯನ್ನೂ ಒಮ್ಮೆ ಮೂಸಿ, ಇದರಲ್ಲೂ ಅರ್ಧ ನೀರು ಎಂದರು.

ಮಧ್ಯಾಹ್ನ ಕೋಲಾರದ ಶಾಲೆಯ ಕೊನೆಯ ದಿನ ಮುಗಿಸಿಕೊಂಡು ಸುಜಾತ ಅಲ್ಲಿಗೇ ಬಂದಳು. ಅವಳು ಕೇಳಿದ್ದು ಒಂದೇ ಮಾತು.

"ಯಾವ ನಾಲ್ಕು?"

ನಾನು ಮಾವನ ಕಡೆ ನೋಡಿದೆ. ಮಾವ ಟವಲಿನಿಂದ ಮೀಸೆ ಒರೆಸಿಕೊಂಡರು.

"ಯಾವ್ದೋ ನಾಲ್ಕು ಕಣಮ್ಮ. ನಾಲ್ಕು ಅಂದ್ಮೇಲೆ ನಾಲ್ಕೇ. ಮರದಲ್ಲಿ ಯಾವ ಹೂವು ಕಾಯಾಗುತ್ತೆ ಅಂತ ಕೇಳೋದುಂಟಾ?"

ಕಿರಣನನ್ನು ಕರೆದು ಕೇಳಿದರೆ, ಪಾಲಿಶ್, ಕೋಟಿಂಗ್, ಎಸಿ ಸ್ಪ್ರೇ, ಇಲಿ ಸ್ಪ್ರೇ, ಈ ನಾಲ್ಕೂ ಒಂದೇ ಪ್ಯಾಕೇಜಿನಲ್ಲಿ ಬರುತ್ತವಂತೆ. ಬಿಡಿಸಿ ತೆಗೆಯಲು ಆ ಟ್ಯಾಬ್ಲೆಟ್ಟು ಬಿಡುವುದಿಲ್ಲ. ಬಿಡಿಬಿಡಿಯಾಗಿ ಇದ್ದದ್ದು ಇನ್ನು ನಾಲ್ಕು. ಅವು ಗಾಳಿಗೆ ಹೋಗಿದ್ದವು. ಬ್ರೇಕೂ ಅದರಲ್ಲಿ ಸೇರಿತ್ತು.

ಅಂದರೆ ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಫಳಫಳ ಹೊಳೆಯುವ, ಒಳಗೆ ಗಮಗಮಿಸುವ, ಇಲಿಯೊಂದೂ ಸುಳಿಯದ ಕಾರಿನಲ್ಲಿ ಚಿತ್ತೂರು ಲಾರಿಗಳ ನಡುವೆ ಹೋಗಲಿದ್ದಳು. ನಿಲ್ಲುವುದೊಂದು ಬಿಟ್ಟು ಬೇಕಾದ್ದೆಲ್ಲ ಅದಕ್ಕಿತ್ತು.

"ಕೆಲಸ ಶುರುವಾಗಿದ್ಯಾ?" ಎಂದಳು ಸುಜಾತ.

"ಇಲ್ಲ ಮೇಡಂ, ಊಟ ಆದ್ಮೇಲೆ."

"ಕಿರಣ್, ನಿಂಗೆ ಅಕ್ಕ ಇದಾರಾ?"

"ಇದಾರೆ ಮೇಡಂ."

"ಇದು ನಿಮ್ಮಕ್ಕನ ಗಾಡಿ ಅಂದ್ಕೋ. ಸೋಮವಾರ ಒಬ್ರೇ ಹೈವೇನಲ್ಲಿ ಓಡಿಸ್ತಾರೆ. ಈ ಎಂಟರಲ್ಲಿ ನೀನು ಯಾವ್ದು ಮಾಡಿಸ್ತೀಯ?"

ಕಿರಣ್ ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರ್ ಕಡೆ ಒಮ್ಮೆ ನೋಡಿದ. "ನಮ್ಮಕ್ಕ ಗಾಡೀನ ಇಲ್ಲಿಗೆ ತರಲ್ಲ ಮೇಡಂ" ಎಂದ. "ಮಾಲೂರಲ್ಲೇ ಒಬ್ರ ಹತ್ರ ಬಿಡ್ತಾಳೆ."

ಹೇಳಿದ ಮೇಲೆ ಏನು ಹೇಳಿದೆ ಎಂಬುದು ಅವನಿಗೇ ಗೊತ್ತಾಗಿ ಕಿವಿ ಕೆಂಪಾಯಿತು. ಆಮೇಲೆ ಅವನ ದನಿಯಿಂದ ಆ ಸರ್ವಿಸ್ ಸೆಂಟರಿನ ವಿನಯ ಉದುರಿಹೋಯಿತು.

"ಬ್ರೇಕ್ ಮಾಡ್ಸಕ್ಕ. ಪ್ಯಾಡ್ ಪೂರ್ತಿ ಸವೆದೋಗಿದೆ, ಬನ್ನಿ ತೋರಿಸ್ತೀನಿ. ಮಿಕ್ಕಿದ್ದು ಯಾವ್ದೂ ಇವತ್ತೇ ಆಗ್ಬೇಕು ಅಂತಿಲ್ಲ. ಇಲಿ ಸ್ಪ್ರೇ ಅಂತೂ... ನಿಮ್ಮನೇಲಿ ಬೆಕ್ಕಿದ್ಯಾ?"

"ಇದೆ."

"ಸಾಕು ಬಿಡಿ."

ಅವನು ಕರೆದುಕೊಂಡು ಹೋಗಿ ಚಕ್ರ ಬಿಚ್ಚಿ ತೋರಿಸಿದ. ಒಂದು ಹೊಸ ಪ್ಯಾಡನ್ನೂ ತಂದು ಪಕ್ಕದಲ್ಲಿ ಹಿಡಿದ. ಹೊಸದು ಬಿಸ್ಕತ್ತಿನಷ್ಟು ದಪ್ಪ, ನಮ್ಮದು ಹಪ್ಪಳ. ಇಷ್ಟು ತಿಂಗಳು ನಾನು ಕಾರು ನಿಲ್ಲಿಸುತ್ತಿದ್ದದ್ದು ಬ್ರೇಕಿನಿಂದಲ್ಲ, ವೇಗ ಇಲ್ಲದ್ದರಿಂದ ಎಂದು ಅಲ್ಲಿ ತಿಳಿಯಿತು.

ಆದರೆ ಮಾವ ಅಡ್ಡ ನಿಂತರು. "ಆಗಲ್ಲಮ್ಮ. ಮಾತು ಆಗೋಗಿದೆ. ಟವಲ್ ಒಳಗೆ ಆಗಿರೋ ಮಾತು. ಈಗ ತಿರುಗಿಸಿದ್ರೆ ನಾಳೆ ಶ್ರೀನಿವಾಸಪುರದಲ್ಲಿ ನನ್ನ ಮುಖ ಯಾರು ನೋಡ್ತಾರೆ?"

"ಶ್ರೀನಿವಾಸಪುರಕ್ಕೆ ಯಾರು ಹೇಳ್ತಾರೆ ಮಾವ?" ಎಂದೆ.

"ನಾನೇ ಹೇಳ್ಬಿಡ್ತೀನಿ ಕಣೋ. ನನ್ನ ಬಾಯಿ ನಿಲ್ಲಲ್ಲ."

ಇದು ನಿಜವಾದ ಕಷ್ಟ. ಮೆಕ್ಯಾನಿಕ್ಕುಗಳು ಕೈ ಒರೆಸಿಕೊಂಡು ನೋಡುತ್ತ ನಿಂತರು. ಕಿರಣ್, ತನ್ನಿಂದ ಯಾವ ಮಾತು ಯಾವಾಗ ಆಯಿತು ಎಂದು ಯೋಚಿಸುತ್ತಿದ್ದ.

ಸುಜಾತ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. "ಟವಲ್ ಕೊಡಿ ಮಾವ" ಎಂದಳು.

ಮಾವ ಕೊಡಲಿಲ್ಲ. ಅವಳೇ ಅವರ ಹೆಗಲಿನಿಂದ ತೆಗೆದು, ಅವರ ಕೈಮೇಲೆ ಹೊದಿಸಿ, ಒಳಗೆ ಕೈ ಹಾಕಿದಳು. ದನದ ವ್ಯಾಪಾರದಲ್ಲಿ ಹೆಂಗಸು ಟವಲಿಗೆ ಕೈ ಹಾಕಿದ್ದನ್ನು ಮಾವ ಕಂಡಿರಲಿಕ್ಕಿಲ್ಲ. ಅವರ ಮುಖ ನೋಡಿದರೆ ಕಂಡಿರಲಿಲ್ಲ.

"ನಮ್ಮ ಹೊಸ ಶಾಲೆ ಹತ್ರ ಮಳೆ ಚೆನ್ನಾಗಿ ಆಗಿದ್ಯಂತೆ ಮಾವ" ಎಂದಳು ಅವಳು.

"ಹೂಂ... ಆಗಿರ್ಬೇಕು" ಎಂದರು ಮಾವ, ಅಭ್ಯಾಸಬಲದಿಂದ.

ಒಳಗೆ ಎರಡು ಬೆಕ್ಕು ಬಿಟ್ಟ ಹಾಗೆ ಟವಲು ಅಲ್ಲಾಡಿತು. ಮಾವ ಮೂರು ಎಂದು ಹಿಡಿದಿರಬೇಕು, ಅವಳು ಬೆರಳು ಕಿತ್ತುಕೊಂಡಳು. ಮಾವ ಎರಡು ಎಂದಿರಬೇಕು, ಅವಳು ಮಳೆಯ ವಿಷಯ ಮುಂದುವರಿಸಿದಳು. ಕೊನೆಗೆ ಟವಲು ನಿಂತಿತು. ಮಾವ ಅದನ್ನು ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು.

"ಒಂದಕ್ಕೆ ಇಳಿಸಿಬಿಟ್ಳಲ್ಲೋ ಅಳಿಯ" ಎಂದರು. ದನಿಯಲ್ಲಿ ಸೋಲಿರಲಿಲ್ಲ. ತೋಟವೊಂದು ಅಂದಾಜು ಮೀರಿ ಕಾಯಿ ಬಿಟ್ಟಾಗ ಅವರು ಹೀಗೆ ಮಾತಾಡುತ್ತಾರೆ. ಕಿರಣನಿಗೆ ಹೇಳಿದರು: "ಬ್ರೇಕು ಹಾಕಪ್ಪ. ಮಾತಾಯ್ತು."

ಈ ಘಟನೆಯನ್ನು ಈಗ ಮಾವ ಬೇರೆ ರೀತಿ ಹೇಳುತ್ತಾರೆ. ಟವಲು ತಾವೇ ಕೊಟ್ಟರಂತೆ. ಸುಜಾತಳನ್ನು ಕೇಳಿದರೆ ಅವಳು ಬೆರಳೇ ಹಿಡಿಯಲಿಲ್ಲವಂತೆ, ಮಾವನ ಅಂಗೈಗೆ ಕಚಗುಳಿ ಇಟ್ಟಳಂತೆ. ನಾನು ಪಕ್ಕದಲ್ಲೇ ಬ್ಯಾಗು ಹಿಡಿದು ನಿಂತಿದ್ದೆ. ಟವಲಿನ ಒಳಗೆ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಹೊರಗೆ ನಡೆದದ್ದಕ್ಕೂ ಎಷ್ಟರ ಮಟ್ಟಿಗೆ ಸಾಕ್ಷಿ ಎಂದು ನಿಮಗೆ ಆಗಲೇ ಗೊತ್ತಾಗಿರಬೇಕು.

ಸಂಜೆಗೆ ಮೊದಲೇ ಕಾರು ಸಿದ್ಧವಾಯಿತು. ಸುಜಾತ ಸ್ಟೀರಿಂಗ್ ಹಿಡಿದಳು, ಮಾವ ಮುಂದೆ, ನಾನು ಹಿಂದೆ. ಮನೆಯ ತಿರುವು ಬಂತು, ಅವಳು ತಿರುಗಿಸಲಿಲ್ಲ. ನೇರ ಮುಳಬಾಗಿಲಿನ ರಸ್ತೆ ಹಿಡಿದಳು.

"ಎಲ್ಲಿಗೆ?" ಎಂದೆ.

"ಸೋಮವಾರ ಹೋಗೋ ಕಡೆಗೇ. ನೋಡ್ಕೊಂಡು ಬರೋಣ."

ಚೆನ್ನಾಗಿಯೇ ಓಡಿಸುತ್ತಿದ್ದಳು. ಆದರೆ ನಾನು ಹಿಂದೆ ಕೂತು, ಅಲ್ಲಿಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ಒತ್ತುತ್ತಿದ್ದೆ, ಲಾರಿ ಕಂಡಾಗಲೆಲ್ಲ ಲಾರಿ ಲಾರಿ ಎನ್ನುತ್ತಿದ್ದೆ. ಮಾವ ಮುಂದೆ ಕೂತು ನಾಲಿಗೆಯಿಂದ ಚ್ ಚ್ ಎಂದು ಕಾರನ್ನು ಹುರಿದುಂಬಿಸುತ್ತಿದ್ದರು. ಇಳಿಜಾರು ಬಂದಾಗ ಹೋ, ಹೋ ಎಂದು ತಡೆಯುತ್ತಿದ್ದರು. ದೇವರಾಯಸಮುದ್ರದ ಹತ್ತಿರ ಕೆರೆ ಕಾಣುವಲ್ಲಿ ಅವಳು ಇಂಡಿಕೇಟರ್ ಹಾಕಿ, ರಸ್ತೆ ಪಕ್ಕಕ್ಕೆ ತಂದು, ಒಂದಿಷ್ಟೂ ಕುಲುಕಿಸದೆ ನಿಲ್ಲಿಸಿದಳು.

"ಸೋಮವಾರ ನೀವಿಬ್ರೂ ಗಾಡೀಲಿ ಇರ್ತೀರಾ?"

"ಇಲ್ಲ" ಎಂದೆವು.

"ಹಂಗಾದ್ರೆ ಇಳೀರಿ. ತಾಯಲೂರು ಮುಟ್ಟಿ ಬರ್ತೀನಿ."

ಇಳಿದೆವು. ಕಾರು ಹೋಯಿತು. ಲಾರಿಗಳ ನಡುವೆ ಅದರ ಹಿಂದಿನ ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಆಮೇಲೆ ಯಾವ ದೀಪ ನಮ್ಮದು ಎಂದೇ ಗೊತ್ತಾಗಲಿಲ್ಲ. ಹೊಂಗೆ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಮಾವ ಕೂತರು. ನಾನು ಕೂರಲಾರದೆ ಆಚೆ ಈಚೆ ನಡೆದೆ.

ಆಗ ಫೋನು ಬಂತು. ಹಾರಿಬಿದ್ದು ತೆಗೆದೆ. ಸರ್ವಿಸ್ ಸೆಂಟರಿನ ಯಾವುದೋ ಹುಡುಗಿ.

"ಸಾರ್, ಫೀಡ್‌ಬ್ಯಾಕ್ ಕಾಲ್. ಸರ್ವಿಸ್ ಆದ್ಮೇಲೆ ಗಾಡಿ ಹೇಗೆ ಓಡ್ತಾ ಇದೆ ಸಾರ್?"

"ಓಡ್ತಾ ಇದೆಯಮ್ಮ" ಎಂದೆ. "ನಾವು ಅದರಲ್ಲಿ ಇಲ್ಲ."

"ಸಾರ್?"

"ರಸ್ತೆ ಪಕ್ಕ ನಿಂತಿದೀವಿ. ಗಾಡಿ ಮುಂದೆ ಹೋಗಿದೆ."

"ಏನಾದ್ರೂ ಪ್ರಾಬ್ಲಮ್ಮಾ ಸಾರ್?"

"ಪ್ರಾಬ್ಲಮ್ ನಾವೇ ಇರ್ಬೇಕು. ಇಳಿಸಿದ ಮೇಲೆ ಚೆನ್ನಾಗಿ ಹೋಯ್ತು."

ಅವಳು ಥ್ಯಾಂಕ್ಯೂ ಹೇಳಿ ಇಟ್ಟಳು. ಹೊತ್ತು ಬಹಳ ಕಳೆಯಿತು. ಅಥವಾ ಸ್ವಲ್ಪ ಕಳೆಯಿತು, ಈ ವಿಷಯದಲ್ಲಿ ನನ್ನನ್ನು ಕೇಳಬೇಡಿ. ಕೆರೆಯ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರು ನಮ್ಮನ್ನು ನೋಡಿ, "ಬಸ್ಸು ಇಲ್ಲಿ ನಿಲ್ಲಲ್ಲ ಸಾಮಿ" ಎಂದರು. ಕುರಿಗಳು ರಸ್ತೆಗೆ ಇಳಿದವು.

ಅದೇ ಹೊತ್ತಿಗೆ ತಾಯಲೂರಿನಿಂದ ವಾಪಸ್ಸಾಗಿ, ಆಚೆಯ ಯು-ಟರ್ನಿನಲ್ಲಿ ತಿರುಗಿಕೊಂಡು ನಮ್ಮ ಬದಿಗೆ ನಮ್ಮ ಕಾರು ಬಂತು. ದೂರದಿಂದಲೇ ಕುರಿಗಳನ್ನು ಕಂಡು, ಹಂತಹಂತವಾಗಿ ವೇಗ ಇಳಿಸಿಕೊಂಡು, ಕೊನೆಯ ಕುರಿಯ ಬಾಲದಿಂದ ಮರ್ಯಾದೆಯ ದೂರದಲ್ಲಿ ನಿಂತಿತು. ಕುರಿಗಳು ದಾಟಿದವು. ಕಾರು ನಮ್ಮ ಪಕ್ಕಕ್ಕೆ ಬಂದು ನಿಂತಿತು. ಸುಜಾತ ಕಿಟಕಿಯ ಗಾಜು ಇಳಿಸಿದಳು. ಒಂದು ಮೊಳಕೈ ಹೊರಗಿಟ್ಟು, ದಿನಾ ಇದೇ ರಸ್ತೆಯಲ್ಲಿ ಬಾಡಿಗೆ ಗಾಡಿ ಹೊಡೆಯುವವರ ಹಾಗೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿಗೆ?"

ಮಾವ ಪಂಚೆ ಕೊಡವಿ ಎದ್ದು, ಹಿಂದಿನ ಬಾಗಿಲು ತೆಗೆದರು.

"ಕೋಲಾರ" ಎಂದರು. "ಇಬ್ರು."